ಎಂಟು ಹಾಕಿ ತೋರಿಸಿ

ಅಪ್ಪ ತಿಪಟೂರಿನಲ್ಲಿ ಡ್ರೈವಿಂಗ್ ಸ್ಕೂಲ್ ಇಟ್ಟುಕೊಂಡಿದ್ದರು. ಒಂದು ಹಳೇ ಮಾರುತಿ 800, ಎರಡು ಸ್ಕೂಟರ್, ಬಸ್ ಸ್ಟ್ಯಾಂಡ್ ಹತ್ತಿರ ಒಂದು ಚಿಕ್ಕ ಮಳಿಗೆ. ಬೆಳಿಗ್ಗೆ ಆರಕ್ಕೆ ಸುಣ್ಣದ ಪುಡಿಯ ಡಬ್ಬ ಹಿಡಿದು ಮೈದಾನಕ್ಕೆ ಹೋಗುತ್ತಿದ್ದರು. ಶಾಲೆಗೆ ರಜೆ ಇದ್ದರೆ ನಾನೂ ಜೊತೆಗೆ. ಅಪ್ಪ ಹೆಜ್ಜೆ ಹಾಕಿ ಅಳತೆ ತೋರಿಸುತ್ತಿದ್ದರು, ನಾನು ಬಗ್ಗಿಕೊಂಡು ಪುಡಿ ಬಿಡುತ್ತಾ ನೆಲದ ಮೇಲೆ ದೊಡ್ಡದಾಗಿ ಇಂಗ್ಲಿಷ್ ಎಂಟು ಬರೆಯುತ್ತಿದ್ದೆ. ಆ ಎಂಟರ ಮೇಲೆ ಕಾಲು ನೆಲಕ್ಕೆ ಊರದೆ ಸ್ಕೂಟರ್ ತಿರುಗಿಸಿದರೆ ಆರ್‌ಟಿಓದಲ್ಲಿ ಪಾಸ್.

ಎಲ್‌ಎಲ್‌ಆರ್‌ಗೆ ಕೇಳುವ ಪ್ರಶ್ನೆಗಳನ್ನು ಜನ ಪುಸ್ತಕ ನೋಡಿ ಉರು ಹೊಡೆಯುತ್ತಿದ್ದರು. ಈ ಚಿತ್ರ ಬಂದರೆ ಈ ಉತ್ತರ, ಅಷ್ಟೇ. ಎಂಟರ ವಿಷಯ ಬೇರೆ. ಅಲ್ಲಿ ಏನು ಕೇಳುತ್ತಾರೆ ಅನ್ನೋದು ಇಡೀ ಊರಿಗೆ ಗೊತ್ತು. ವರ್ಷಗಟ್ಟಲೆ ಅದೇ ಪ್ರಶ್ನೆ. ಆದರೂ ಗಾಡಿ ಓಡಿಸಲು ಬಾರದವರು ಅದನ್ನು ಬಾಯಿಪಾಠ ಮಾಡಿಕೊಂಡು ಪಾಸಾಗಲು ಆಗುತ್ತಿರಲಿಲ್ಲ. ಎರಡನೇ ಸುತ್ತಿನಲ್ಲಿ ಕಾಲು ಕೆಳಗೆ ಬಂದೇ ಬರುತ್ತಿತ್ತು.

ಈ ಮೈದಾನ ನನಗೆ ಮತ್ತೆ ನೆನಪಾಗಿದ್ದು ಹೋದ ವರ್ಷ ಆಫೀಸಿನಲ್ಲಿ ನಡೆದ ಒಂದು ಘಟನೆಯಿಂದ.

ನಾನು ಹದಿನೆಂಟು ವರ್ಷದಿಂದ ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಈಗ ಇರುವ ಕಂಪನಿಯಲ್ಲಿ ಹೊಸ ಹುಡುಗ ಹುಡುಗಿಯರು ಮೊದಲ ಹಂತದ ಸಪೋರ್ಟ್‌ನಿಂದ ಎರಡನೇ ಹಂತಕ್ಕೆ ಹೋಗಬೇಕಾದರೆ ಒಂದು ಒಳಗಿನ ಪರೀಕ್ಷೆ ಪಾಸಾಗಬೇಕು. ಆ ಪರೀಕ್ಷೆ ಮಾಡುವ ಕೆಲಸ ನನಗೆ ಬಂತು. ಅರವತ್ತು ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ, ಎರಡು ಗಂಟೆ, ಪಾಸಾಗಲು 42. ಒಂದೊಂದು ಪ್ರಶ್ನೆಯನ್ನೂ ಯೋಚಿಸಿ ಬರೆದಿದ್ದೆ. ಪರೀಕ್ಷೆ ಮುಗಿದ ಮೇಲೆ ಸರಿಯುತ್ತರಗಳನ್ನು ತೋರಿಸುವ ಹಾಗೂ ಮಾಡಿದ್ದೆ, ಕಲಿಯಲಿ ಅಂತ.

ಮೊದಲ ತಂಡದವರು 23ನೇ ಪ್ರಶ್ನೆಯಲ್ಲಿ ನನ್ನ ತಪ್ಪು ಹಿಡಿದರು. ಓಡುತ್ತಿರುವ ಪ್ರೋಗ್ರಾಂ ನಿಲ್ಲಿಸಲು ಸಿಗ್ನಲ್ ಕಳಿಸುವ 'ಕಿಲ್' ಕಮಾಂಡಿಗೆ ಸಿಗ್ನಲ್ ಯಾವುದು ಅಂತ ಹೇಳದಿದ್ದರೆ ಅದು ಯಾವ ನಂಬರ್ ಕಳಿಸುತ್ತದೆ ಅನ್ನೋ ಪ್ರಶ್ನೆ. ಸರಿಯುತ್ತರ 15. ನಾನು ಅವಸರದಲ್ಲಿ 9 ಅಂತ ಗುರುತು ಹಾಕಿಬಿಟ್ಟಿದ್ದೆ. ಕ್ಷಮೆ ಕೇಳಿ, ಅಂದೇ ತಿದ್ದಿದೆ.

ಮೂರನೇ ತಂಡದಲ್ಲಿ ಹದಿನಾಲ್ಕು ಜನ ಇದ್ದರು. ಒಬ್ಬ ಒಂಬತ್ತು ನಿಮಿಷದಲ್ಲಿ ಅರವತ್ತೂ ಪ್ರಶ್ನೆ ಮುಗಿಸಿ 58 ತೆಗೆದಿದ್ದ. ಇನ್ನೊಬ್ಬಳು ಹನ್ನೊಂದು ನಿಮಿಷದಲ್ಲಿ 57. ಪ್ರಶ್ನೆಗಳನ್ನು ಬರೆದ ನಾನೇ ಅಷ್ಟು ಬೇಗ ಓದಿ ಮುಗಿಸಲಾರೆ. 23ನೇ ಪ್ರಶ್ನೆ ತೆಗೆದು ನೋಡಿದೆ. ಹದಿನಾಲ್ಕರಲ್ಲಿ ಹನ್ನೊಂದು ಜನ 9 ಅಂತ ಒತ್ತಿದ್ದರು. ನನ್ನ ಹಳೇ ತಪ್ಪು ಹಾಗೇ ವಾಟ್ಸ್ಯಾಪ್‌ನಲ್ಲಿ ಓಡಾಡಿ, ನನ್ನ ಹತ್ತಿರಕ್ಕೇ ವಾಪಸ್ ಬಂದಿತ್ತು.

ಅವತ್ತು ಕಣ್ಣಲ್ಲಿ ನೀರು ಬಂತು. ಆ ಹನ್ನೊಂದು ಜನರಿಗಾಗಿ ಅಲ್ಲ. ಹಿರಿಯೂರಿನ ಕಡೆಯ ಒಬ್ಬ ಹುಡುಗ ಪೂರ್ತಿ ಎರಡು ಗಂಟೆ ಕೂತು ಬರೆದಿದ್ದ. 23ಕ್ಕೆ 15 ಅಂತ ಉತ್ತರ ಕೊಟ್ಟಿದ್ದ. ಅವನಿಗೆ ಬಂದಿದ್ದು 41. ಒಂದು ಅಂಕಕ್ಕೆ ಫೇಲ್. ಕರೆದು ಕೇಳಿದೆ. "ಗ್ರೂಪ್‌ನಲ್ಲಿ ಪಿಡಿಎಫ್ ನನಗೂ ಬಂದಿತ್ತು ಮೇಡಂ. ಒಂದು ಸಲ ನೋಡಿದ್ರೆ ಮರೆಯೋಕೆ ಆಗಲ್ಲ ಅಂತ ತೆಗೀಲಿಲ್ಲ" ಅಂದ. ನಾನು ಮಾಡಿದ ಪರೀಕ್ಷೆ ಹನ್ನೊಂದು ಜನರನ್ನು ಪಾಸ್ ಮಾಡಿ, ಅವನನ್ನು ಫೇಲ್ ಮಾಡಿತ್ತು.

ಐಟಿಯಲ್ಲಿ ಇರುವವರಿಗೆ 'ಡಂಪ್ಸ್' ಅಂದರೆ ಏನು ಅಂತ ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಸಿಸ್ಕೊ, ಮೈಕ್ರೋಸಾಫ್ಟ್, ಅಮೆಜಾನ್ ಥರದ ಕಂಪನಿಗಳು ತಮ್ಮ ತಂತ್ರಜ್ಞಾನದಲ್ಲಿ ಪರೀಕ್ಷೆ ನಡೆಸಿ ಸರ್ಟಿಫಿಕೇಟ್ ಕೊಡುತ್ತವೆ. ಪರೀಕ್ಷೆಗೆ ಕೂರುವ ಮೊದಲು ಪ್ರಶ್ನೆಗಳನ್ನು ಯಾರಿಗೂ ಹೇಳುವುದಿಲ್ಲ ಅಂತ ಒಪ್ಪಿಗೆ ಒತ್ತಬೇಕು. ಎಲ್ಲರೂ ಒತ್ತುತ್ತಾರೆ. ಹೊರಗೆ ಬಂದ ಮೇಲೆ ಒಬ್ಬರಿಗೆ ಐದು ಪ್ರಶ್ನೆ ನೆನಪಿರುತ್ತದೆ, ಇನ್ನೊಬ್ಬರಿಗೆ ಎಂಟು. ಇಪ್ಪತ್ತು ಮೂವತ್ತು ಜನರ ನೆನಪನ್ನು ಸೇರಿಸಿದರೆ ಪೂರ್ತಿ ಪತ್ರಿಕೆ ತಯಾರು. ಕೆಲವರು ಪ್ರಶ್ನೆ ಕದಿಯಲಿಕ್ಕೇ ಪರೀಕ್ಷೆಗೆ ಕೂರುತ್ತಾರೆ. ಆಮೇಲೆ ಅದು ಪಿಡಿಎಫ್ ಆಗಿ 'ಪಾಸ್ ಗ್ಯಾರಂಟಿ' ಅನ್ನೋ ಹೆಸರಿನಲ್ಲಿ ಮಾರಾಟವಾಗುತ್ತದೆ.

ನನಗೂ ಇದರ ಪರಿಚಯ ಇದೆ. 2009ರಲ್ಲಿ ಬೆಂಗಳೂರಿನ ಒಂದು ಇನ್‌ಸ್ಟಿಟ್ಯೂಟ್‌ಗೆ ಸೇರಿದ್ದೆ. ಫೀಸಿನಲ್ಲೇ ಡಂಪ್ಸ್ ಕೂಡ ಸೇರಿತ್ತು. ಕೊನೆಯ ವಾರ ಪಾಠ ನಿಲ್ಲಿಸಿ, ಎಲ್ಲರ ಕೈಗೂ ಪ್ರಿಂಟ್ ಕೊಟ್ಟರು. ನಾನೂ ಓದಿದೆ. ಅದರಲ್ಲಿ ಕ್ರಾನ್ ಬಗ್ಗೆ, ಅಂದರೆ ಹೇಳಿದ ಹೊತ್ತಿಗೆ ಕೆಲಸ ಶುರು ಮಾಡುವ ಲಿನಕ್ಸ್ ಸೌಲಭ್ಯದ ಬಗ್ಗೆ, ಒಂದು ಪ್ರಶ್ನೆ ಇತ್ತು. ಪ್ರತಿ ಭಾನುವಾರ ರಾತ್ರಿ ಎರಡೂವರೆಗೆ ಒಂದು ಕೆಲಸ ತಾನಾಗಿ ನಡೆಯಬೇಕು, ಹೇಗೆ ಬರೆಯುತ್ತೀರಿ ಅಂತ. ಕ್ರಾನ್‌ನಲ್ಲಿ ಮೊದಲು ನಿಮಿಷ, ಆಮೇಲೆ ಗಂಟೆ. ಆ ಹಾಳೆಯಲ್ಲಿ ಗಂಟೆ ಮೊದಲು ಇತ್ತು. ತಪ್ಪು ಅಂತ ನನಗೆ ಗೊತ್ತು. ಆ ಹೊತ್ತಿಗೆ ಕೈಯಾರೆ ನೂರು ಸಲ ಬರೆದಿದ್ದೆ. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಎರಡು ನಿಮಿಷ ಪರದೆ ನೋಡುತ್ತಾ ಕೂತೆ. ಅಷ್ಟು ಜನ ಪಾಸಾದ ಹಾಳೆ ಅದು, ಇನ್‌ಸ್ಟಿಟ್ಯೂಟ್‌ನವರಿಗೆ ಗೊತ್ತಿಲ್ಲದೇ ಇರುತ್ತಾ ಅನ್ನಿಸಿತು. ಹಾಳೆಯಲ್ಲಿ ಇದ್ದದ್ದನ್ನೇ ಒತ್ತಿದೆ.

ನನ್ನ ಕೈಗೆ ಗೊತ್ತಿದ್ದನ್ನು ನಾನೇ ನಂಬಲಿಲ್ಲ. ಇಷ್ಟು ವರ್ಷ ಆದರೂ ಆ ಎರಡು ನಿಮಿಷ ನೆನಪಾದರೆ ಸಂಕಟ ಆಗುತ್ತದೆ.

ಜನ ಯಾಕೆ ಹೀಗೆ ಮಾಡುತ್ತಾರೆ ಅನ್ನೋದಕ್ಕೆ 'ಸೋಮಾರಿತನ' ಅಂತ ಒಂದೇ ಪದದಲ್ಲಿ ಉತ್ತರ ಕೊಡುವವರನ್ನು ನಾನು ಒಪ್ಪಲ್ಲ. ದೊಡ್ಡ ತಂತ್ರಜ್ಞಾನ ಕಂಪನಿಗಳ ಪಾರ್ಟ್‌ನರ್ ಆಗಬೇಕಾದರೆ, ನಿಮ್ಮಲ್ಲಿ ಸರ್ಟಿಫಿಕೇಟ್ ಇರುವವರು ಇಷ್ಟು ಜನ ಇರಬೇಕು ಅಂತ ನಿಯಮ ಇರುತ್ತದೆ. ಟೆಂಡರ್‌ಗಳಲ್ಲೂ ಕೇಳುತ್ತಾರೆ. ಹಾಗಾಗಿ ಮಾರ್ಚ್ ಹತ್ತಿರ ಬಂದ ಹಾಗೆ ಮ್ಯಾನೇಜರ್‌ಗಳಿಗೆ ತಲೆ ಎಣಿಕೆಯ ಚಿಂತೆ. 'ಈ ತಿಂಗಳು ನಿಮ್ಮ ಟೀಮಿಂದ ಐದು ಜನ ಕ್ಲಿಯರ್ ಮಾಡಬೇಕು' ಅಂತ ಮೇಲ್ ಬರುತ್ತದೆ. ಓದಲು ಸಮಯ ಕೊಡುವುದಿಲ್ಲ, ಶಿಫ್ಟ್ ಬಿಡಿಸುವುದಿಲ್ಲ. ಫೇಲಾದರೆ ಪರೀಕ್ಷೆಯ ಫೀಸು ಕೈಯಿಂದ ಕಟ್ಟಬೇಕು, ಅದು ಹೊಸಬರ ಸಂಬಳದಲ್ಲಿ ದೊಡ್ಡ ಮೊತ್ತ. ಊರಲ್ಲಿ ಸಾಲ ಮಾಡಿ ಓದಿಸಿದ ಅಪ್ಪ ಅಮ್ಮ ಇರುತ್ತಾರೆ. ಆಗ ಪಿಡಿಎಫ್ ಎದುರಿಗೆ ಬಂದರೆ ಬೇಡ ಅನ್ನೋದು ಸುಲಭ ಅಲ್ಲ.

ಪರೀಕ್ಷೆ ನಡೆಸುವವರು ಸುಮ್ನೆ ಕೂತಿಲ್ಲ. ಕೋರ್ಟಿಗೂ ಹೋಗಿದ್ದಾರೆ. 2002ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮೈಕ್ರೋಸಾಫ್ಟ್ ಪರೀಕ್ಷೆಗಳ ಪ್ರಶ್ನೆ ಮಾರುತ್ತಿದ್ದ ಒಬ್ಬ ವ್ಯಾಪಾರಿ ತಪ್ಪೊಪ್ಪಿಕೊಂಡ. ವ್ಯಾಪಾರ ರಹಸ್ಯದ ಕಳ್ಳತನ ಅನ್ನೋದು ಅಪರಾಧ. ಮರುವರ್ಷ ಅವನಿಗೆ ಜೈಲು ಶಿಕ್ಷೆಯಾಯಿತು. ಎಂಸಿಎಸ್‌ಇ ಅನ್ನೋದು ಮೈಕ್ರೋಸಾಫ್ಟ್ ಇಂಜಿನಿಯರ್‌ಗಳಿಗೆ ಕೊಡುತ್ತಿದ್ದ ಸರ್ಟಿಫಿಕೇಟ್. ಆಗ 'ಪೇಪರ್ ಎಂಸಿಎಸ್‌ಇ' ಅನ್ನೋ ಮಾತು ಎಲ್ಲ ಕಡೆ ಓಡಾಡುತ್ತಿತ್ತು. ಕಾಗದದಲ್ಲಿ ಇಂಜಿನಿಯರ್, ಸರ್ವರ್ ಮುಂದೆ ಕೂತರೆ ಏನೂ ಬರದವರು ಅಂತ ಅರ್ಥ. ಇಪ್ಪತ್ತು ವರ್ಷ ಕಳೆಯಿತು. ಡಂಪ್ಸ್ ಮಾರುವ ವೆಬ್‌ಸೈಟ್‌ಗಳು ಕಡಿಮೆಯಾಗಿಲ್ಲ.

ಇನ್ನೊಂದು ದಾರಿ ಅಂಕಿಗಳನ್ನು ನೋಡಿ ಹಿಡಿಯುವುದು. ಅಮೆಜಾನ್ ವೆಬ್ ಸರ್ವಿಸಸ್‌ನ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಪರೀಕ್ಷೆಯಲ್ಲಿ 65 ಪ್ರಶ್ನೆ ಇರುತ್ತವೆ, ಅದರಲ್ಲಿ 15ಕ್ಕೆ ಅಂಕ ಇಲ್ಲ. ಹೊಸ ಪ್ರಶ್ನೆಗಳನ್ನು ಪರೀಕ್ಷಿಸಿ ನೋಡಲು ಅವನ್ನು ಸೇರಿಸಿರುತ್ತಾರೆ. ಯಾವುದಕ್ಕೆ ಅಂಕ ಇಲ್ಲ ಅಂತ ಬರೆಯುವವರಿಗೆ ಗೊತ್ತಾಗುವುದಿಲ್ಲ. ಇಂಥ ಹೊಸ ಪ್ರಶ್ನೆಗಳು ಇನ್ನೊಂದು ಕೆಲಸಕ್ಕೂ ಬರುತ್ತವೆ. ಹಳೇ ಪ್ರಶ್ನೆಗಳಿಗೆಲ್ಲ ಐದೈದು ಸೆಕೆಂಡಿನಲ್ಲಿ ಸರಿಯುತ್ತರ ಕೊಟ್ಟು, ಹೊಸದರಲ್ಲಿ ತಡಕಾಡುವ ವ್ಯಕ್ತಿ ಅಂಕಿಗಳಲ್ಲಿ ಎದ್ದು ಕಾಣುತ್ತಾನೆ. ನನ್ನ 23ನೇ ಪ್ರಶ್ನೆ ಗೊತ್ತಿಲ್ಲದೇ ಬಲೆ ಆಗಿತ್ತು, ಅಂಥದ್ದನ್ನು ಬೇಕಂತಲೇ ಒಡ್ಡುವುದೂ ಉಂಟು. ಡಂಪ್ಸ್‌ನಲ್ಲಿ ತಪ್ಪು ಉತ್ತರದ ಜೊತೆ ಓಡಾಡುತ್ತಿರುವ ಪ್ರಶ್ನೆಯನ್ನು ಅಂಕವಿಲ್ಲದೆ ಇಟ್ಟು, ಯಾರು ಅದೇ ತಪ್ಪನ್ನು ಒತ್ತುತ್ತಾರೆ ಅಂತ ನೋಡುತ್ತಾರೆ.

ಇದರಲ್ಲಿ ಎಚ್ಚರ ಬೇಕು. ಪ್ರಾಮಾಣಿಕವಾಗಿ ಓದಿದವರೂ ಒಂದು ಪ್ರಶ್ನೆಯಲ್ಲಿ ತಪ್ಪು ಮಾಡುತ್ತಾರೆ ಅಲ್ವಾ? ಒಂದು ಬಲೆಗೆ ಬಿದ್ದರು ಅಂತ ಯಾರನ್ನೂ ಕಳ್ಳರು ಅನ್ನಬಾರದು. ಹಲವು ಬಲೆ, ಉತ್ತರದ ವೇಗ, ಹೊಸ ಪ್ರಶ್ನೆಗಳ ಅಂಕ, ಎಲ್ಲವೂ ಒಂದೇ ಕಡೆ ಬೆರಳು ತೋರಿಸಬೇಕು. ನಾನೂ ಆ ಹನ್ನೊಂದು ಜನರ ಹೆಸರನ್ನು ಎಚ್‌ಆರ್‌ಗೆ ಕೊಡಲಿಲ್ಲ. ಆ ತಂಡದ ಫಲಿತಾಂಶವನ್ನು ಪೂರ್ತಿ ರದ್ದು ಮಾಡಿಸಿದೆ.

ಪ್ರಶ್ನೆಯನ್ನೇ ಬದಲಿಸುತ್ತಾ ಇರುವುದು ಇದಕ್ಕಿಂತ ಒಳ್ಳೆಯದು. ಒಂದು ಸಣ್ಣ ಉದಾಹರಣೆ. 192.168.10.77 ಅನ್ನೋ ವಿಳಾಸ /26 ನೆಟ್‌ವರ್ಕ್‌ನಲ್ಲಿದೆ, ಅದರ ಬ್ರಾಡ್‌ಕಾಸ್ಟ್ ವಿಳಾಸ, ಅಂದರೆ ಆ ನೆಟ್‌ವರ್ಕ್‌ನ ಎಲ್ಲ ಮೆಷಿನ್‌ಗಳಿಗೂ ಒಟ್ಟಿಗೆ ತಲುಪುವ ವಿಳಾಸ, ಯಾವುದು? ಕೊನೆಯ ಅಂಕಿ 127. ಇದನ್ನು ಉರು ಹೊಡೆದವರಿಗೆ '127 ಒತ್ತಬೇಕು' ಅಂತ ಮಾತ್ರ ಗೊತ್ತು. ಅದೇ ಪ್ರಶ್ನೆಯಲ್ಲಿ ಕಂಪ್ಯೂಟರ್ ತಾನೇ ಅಂಕಿ ಬದಲಿಸಿ 10.20.30.200, /27 ಅಂತ ಕೇಳಿದರೆ ಉತ್ತರ 223 ಆಗುತ್ತದೆ. ಲೆಕ್ಕ ಬರುವವರಿಗೆ ಎರಡೂ ಒಂದೇ. ಸೈಬರ್ ಭದ್ರತೆಯ ಸಿಐಎಸ್‌ಎಸ್‌ಪಿ ಪರೀಕ್ಷೆಯ ಇಂಗ್ಲಿಷ್ ಪತ್ರಿಕೆ 2017ರ ಡಿಸೆಂಬರ್‌ನಿಂದ ಇನ್ನೊಂದು ಥರ ನಡೆಯುತ್ತಿದೆ. ನೀವು ಕೊಟ್ಟ ಉತ್ತರ ನೋಡಿ ಮುಂದಿನ ಪ್ರಶ್ನೆ ಎಷ್ಟು ಕಷ್ಟದ್ದು ಇರಬೇಕು ಅಂತ ಯಂತ್ರ ಆರಿಸುತ್ತದೆ. ಪಕ್ಕದಲ್ಲಿ ಕೂತವರಿಗೆ ಬಂದ ಪ್ರಶ್ನೆಗಳೇ ನಿಮಗೂ ಬರುತ್ತವೆ ಅನ್ನೋ ಖಾತ್ರಿ ಇರುವುದಿಲ್ಲ.

ಇವೆಲ್ಲ ಒಳ್ಳೆಯವೇ. ಆದರೆ ಇವೆಲ್ಲದರ ಹಿಂದೆ ಪ್ರಶ್ನೆ ಹೊರಗೆ ಹೋಗಬಾರದು ಅನ್ನೋ ಭಯ ಇದೆ. ಅಪ್ಪನ ಎಂಟಿಗೆ ಆ ಭಯ ಇರಲಿಲ್ಲ.

ಅಂಥ ಪರೀಕ್ಷೆ ಐಟಿಯಲ್ಲಿ ಮೊದಲಿನಿಂದಲೂ ಇದೆ. ಲಿನಕ್ಸ್‌ನ ರೆಡ್ ಹ್ಯಾಟ್ ಕಂಪನಿ 1999ರಲ್ಲಿ ಆರ್‌ಎಚ್‌ಸಿಇ ಅನ್ನೋ ತನ್ನ ಪರೀಕ್ಷೆ ಶುರು ಮಾಡಿದಾಗಲೇ ಅಭ್ಯರ್ಥಿಯ ಮುಂದೆ ನಿಜವಾದ ಸಿಸ್ಟಮ್ ಇಟ್ಟಿತ್ತು. ನಾನು ಬರೆದದ್ದು ಅದರ ಮೊದಲ ಹಂತ, ಆರ್‌ಎಚ್‌ಸಿಎಸ್‌ಎ. ಎ, ಬಿ, ಸಿ, ಡಿ ಯಾವುದೂ ಇಲ್ಲ. ಡಿಸ್ಕ್ ಭಾಗ ಮಾಡಿ, ಯೂಸರ್ ಸೇರಿಸಿ, ಈ ಸರ್ವಿಸ್ ಓಡುವ ಹಾಗೆ ಮಾಡಿ ಅಂತ ಕೆಲಸಗಳ ಪಟ್ಟಿ. 300ಕ್ಕೆ 210 ಬಂದರೆ ಪಾಸ್. ಏನೇನು ಕೇಳಬಹುದು ಅನ್ನೋ ವಿಷಯಗಳ ಪಟ್ಟಿಯನ್ನು ಅವರೇ ವೆಬ್‌ಸೈಟಿನಲ್ಲಿ ಹಾಕಿದ್ದಾರೆ.

ಅದರಲ್ಲಿ ಒಂದು ನಿಯಮ ನನಗೆ ತುಂಬ ಇಷ್ಟ. ನೀವು ಮಾಡಿದ್ದೆಲ್ಲ ಮೆಷಿನ್ ರೀಬೂಟ್ ಆದ ಮೇಲೂ ಉಳಿದಿರಬೇಕು. ಯಾವ ಕಮಾಂಡ್ ಹೊಡೆದಿರಿ ಅಂತ ಯಾರೂ ಕೇಳುವುದಿಲ್ಲ. ಮೆಷಿನ್ ಮತ್ತೆ ಎದ್ದು ನಿಂತಾಗ ಕೆಲಸ ಆಗಿದೆಯಾ ಇಲ್ಲವಾ, ಅಷ್ಟೇ. ಪರೀಕ್ಷೆಯ ದಿನ ಕೊನೆಯ ಇಪ್ಪತ್ತು ನಿಮಿಷ ಇದ್ದಾಗ ನಾನು ರೀಬೂಟ್ ಕೊಟ್ಟೆ. ಮೆಷಿನ್ ಏಳುವಾಗ ಯಾವ ಡಿಸ್ಕ್ ಎಲ್ಲಿ ಸೇರಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಒಂದು ಅಕ್ಷರ ತಪ್ಪಿತ್ತು. ಮೆಷಿನ್ ಅರ್ಧಕ್ಕೆ ನಿಂತು ಪಾಸ್‌ವರ್ಡ್ ಕೇಳಿತು. ಬೆವರು ಕಿತ್ತುಕೊಂಡು ಬಂತು. ಎಮರ್ಜೆನ್ಸಿ ಮೋಡ್‌ನಿಂದ ಒಳಗೆ ಹೋಗಿ, ಆ ಸಾಲು ತಿದ್ದಿ, ಮತ್ತೆ ಎಬ್ಬಿಸಿದೆ. ರಾತ್ರಿ ಎರಡು ಗಂಟೆಗೆ ಆಫೀಸಿನಲ್ಲಿ ಮಾಡುವ ಕೆಲಸವೂ ಇದೇ ತಾನೇ?

ಕೈಯಲ್ಲಿ ಮಾಡಿಸುವ ಪರೀಕ್ಷೆಯನ್ನೂ ಜನ ಬಾಯಿಪಾಠ ಮಾಡುತ್ತಾರೆ. ಇದನ್ನು ಮುಚ್ಚಿಡಬಾರದು. ಸಿಸ್ಕೊದ ಸಿಸಿಐಇ 1993ರಲ್ಲಿ ಶುರುವಾದದ್ದು, ಎಂಟು ಗಂಟೆಯ ಲ್ಯಾಬ್. ಬೆಂಗಳೂರಿನಲ್ಲೂ ಅದರ ಕೇಂದ್ರ ಇದೆ. ನೆಟ್‌ವರ್ಕ್ ಜಗತ್ತಿನಲ್ಲಿ ಅದಕ್ಕಿರುವ ಗೌರವ ದೊಡ್ಡದು. ಅಂಥದ್ದರಲ್ಲೂ ಲ್ಯಾಬ್‌ನ ಚಿತ್ರ, ಕಾನ್ಫಿಗರೇಶನ್ ಎಲ್ಲ ಹೊರಗೆ ಬಂದು, ಜನ ಸಾಲು ಸಾಲಾಗಿ ನೆನಪಿಟ್ಟು ಟೈಪ್ ಮಾಡುವುದು ಶುರುವಾಯಿತು. 2009ರಲ್ಲಿ ಸಿಸ್ಕೊ ಅದಕ್ಕೆ ಟ್ರಬಲ್‌ಶೂಟಿಂಗ್ ಭಾಗವನ್ನು ಬೇರೆಯಾಗಿ ಸೇರಿಸಿತು. ಆಗಲೇ ಕಟ್ಟಿಟ್ಟ, ಆದರೆ ಕೆಟ್ಟಿರುವ ನೆಟ್‌ವರ್ಕ್ ಮುಂದೆ ಇಟ್ಟು ಎಲ್ಲಿ ಕೆಟ್ಟಿದೆ ಹುಡುಕಿ ಅನ್ನುವುದು.

ಅಪ್ಪನ ಮೈದಾನದಲ್ಲೂ ಇದು ನಡೆದಿತ್ತು. ಒಬ್ಬರು ಮೇಷ್ಟ್ರು ಎಂಟನ್ನು ಚೆನ್ನಾಗಿ ಹಾಕುತ್ತಿದ್ದರು. ಅವರ ಕಣ್ಣು ಮಾತ್ರ ನೆಲದ ಮೇಲೆ ಇರುತ್ತಿರಲಿಲ್ಲ. ಬೇವಿನ ಮರ ಕಂಡಾಗ ಎಡಕ್ಕೆ, ನೀರಿನ ಟ್ಯಾಂಕ್ ಕಂಡಾಗ ಬಲಕ್ಕೆ. ಅಪ್ಪ ಒಂದು ವಾರ ಸುಮ್ಮನೆ ನೋಡಿದರು. ಒಂದು ಬೆಳಿಗ್ಗೆ ಡಬ್ಬ ನನ್ನ ಕೈಗೆ ಕೊಟ್ಟು, "ಪುಟ್ಟಿ, ಇವತ್ತು ಎಂಟನ್ನ ಆ ಕಡೆ ಮಲಗಿಸು" ಅಂದರು. ಸ್ವಲ್ಪ ಚಿಕ್ಕದಾಗಿ, ಅಡ್ಡಕ್ಕೆ ಬರೆದೆ. ಮೇಷ್ಟ್ರು ಮೊದಲ ತಿರುವಿನಲ್ಲೇ ಕಾಲು ಊರಿದರು. ಅವತ್ತಿನಿಂದ ಅಪ್ಪ ದಿನಾ ಎಂಟನ್ನು ಬೇರೆ ಕಡೆ, ಬೇರೆ ಅಳತೆಯಲ್ಲಿ ಬರೆಸುತ್ತಿದ್ದರು. ಮೇಷ್ಟ್ರಿಗೆ ಇನ್ನೂ ಹತ್ತು ದಿನ ಬೇಕಾಯಿತು.

ಹೊಸ ಪರೀಕ್ಷೆ ಮಾಡಲು ಕೂತಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಆ ಮಲಗಿದ ಎಂಟು.

ಒಂದೇ ಪ್ರಶ್ನೆ ಇಡೋಣ ಅಂದುಕೊಂಡೆ. 'ಡಿಸ್ಕ್ ತುಂಬಿದೆ, ಅಪ್ಲಿಕೇಶನ್ ನಿಂತಿದೆ. ಸರಿ ಮಾಡಿ.' ಒಂದು ತಿಂಗಳು ಮೊದಲೇ ಎಲ್ಲರಿಗೂ ಮೇಲ್ ಕಳಿಸಿದೆ. ಪ್ರಶ್ನೆ ಇದೇ, ಕಾರಣ ನಾಲ್ಕರಲ್ಲಿ ಒಂದು, ಆ ನಾಲ್ಕು ಇವು ಅಂತ ಬರೆದೇ ಕಳಿಸಿದೆ. ವಾಟ್ಸ್ಯಾಪ್‌ನಲ್ಲಿ ಹಾಕಿಕೊಳ್ಳಿ ಅಂತಲೂ ಹೇಳಿದೆ.

ಮೊದಲನೆಯದು ಸುಲಭ. ಲಾಗ್ ಫೈಲ್, ಅಂದರೆ ಪ್ರೋಗ್ರಾಂ ತಾನು ಮಾಡಿದ್ದನ್ನು ಬರೆದಿಡುವ ಫೈಲ್, ಬೆಳೆದು ಬೆಳೆದು ಜಾಗ ತಿಂದಿದೆ.

ಎರಡನೆಯದು ಎಷ್ಟೋ ಅನುಭವಸ್ಥರನ್ನೂ ತಬ್ಬಿಬ್ಬು ಮಾಡುತ್ತದೆ. ಯಾರೋ ಆ ದೊಡ್ಡ ಲಾಗನ್ನು ಅಳಿಸಿದ್ದಾರೆ, ಆದರೆ ಜಾಗ ವಾಪಸ್ ಬಂದಿಲ್ಲ. ಅಳಿಸಿದ್ದು ಹೆಸರನ್ನು ಮಾತ್ರ. ಅದನ್ನು ತೆರೆದಿಟ್ಟುಕೊಂಡಿರುವ ಪ್ರೊಸೆಸ್ ಇನ್ನೂ ಓಡುತ್ತಿದೆ, ಅದು ಬಿಡುವವರೆಗೂ ಜಾಗ ಸಿಗುವುದಿಲ್ಲ. ಇಡೀ ಡಿಸ್ಕಿನ ಲೆಕ್ಕ ಹೇಳುವ 'ಡಿಎಫ್' ಕಮಾಂಡ್ ತುಂಬಿದೆ ಅನ್ನುತ್ತದೆ, ಕಾಣುವ ಫೈಲ್‌ಗಳನ್ನು ಕೂಡಿಸುವ 'ಡಿಯು' ಖಾಲಿ ಇದೆ ಅನ್ನುತ್ತದೆ. 'ಎಲ್‌ಎಸ್‌ಓಎಫ್' ಹಾಕಿ ನೋಡಿದರೆ ಯಾರು ಹಿಡಿದುಕೊಂಡಿದ್ದಾರೆ ಅಂತ ಗೊತ್ತಾಗುತ್ತದೆ.

ಮೂರನೆಯದು ಐನೋಡ್, ಅಂದರೆ ಪ್ರತಿ ಫೈಲಿಗೂ ಡಿಸ್ಕಿನಲ್ಲಿ ಬೇಕಾದ ಒಂದು ದಾಖಲೆ, ಮುಗಿದಿರುವುದು. ಜಾಗ ಬೇಕಾದಷ್ಟಿದೆ, ಆದರೂ ಒಂದು ಸಣ್ಣ ಫೈಲ್ ಕೂಡ ಮಾಡಲು ಆಗುತ್ತಿಲ್ಲ. ನಮ್ಮೂರ ಎಪಿಎಂಸಿಯ ಕೊಬ್ಬರಿ ಗೋಡೌನ್ ನೆನೆಸಿಕೊಳ್ಳಿ. ಒಳಗೆ ಜಾಗ ಇದೆ, ರಿಜಿಸ್ಟರ್‌ನಲ್ಲಿ ಬರೆಯಲು ಸಾಲು ಮುಗಿದಿದೆ. ಬರೆಯದೆ ಚೀಲ ಒಳಗೆ ಬಿಡುವ ಹಾಗಿಲ್ಲ. ಲಕ್ಷಗಟ್ಟಲೆ ಚಿಕ್ಕ ಚಿಕ್ಕ ಫೈಲ್ ಸೇರಿದರೆ ಹೀಗಾಗುತ್ತದೆ.

ನಾಲ್ಕನೆಯದು ಮೌಂಟ್‌ನ ಕೆಳಗೆ ಅಡಗಿದ ಫೈಲ್‌ಗಳು. ಒಂದು ಡಿಸ್ಕನ್ನು ಒಂದು ಡೈರೆಕ್ಟರಿಗೆ ಜೋಡಿಸುವುದೇ ಮೌಂಟ್. ಡಿಸ್ಕ್ ಮೌಂಟ್ ಆಗುವ ಮೊದಲೇ ಆ ಡೈರೆಕ್ಟರಿಯೊಳಗೆ ಏನೋ ಬರೆದಿದ್ದಾರೆ. ಈಗ ಮೇಲೆ ಬೇರೆ ಡಿಸ್ಕ್ ಕೂತಿದೆ, ಕೆಳಗಿನದು ಕಾಣುವುದಿಲ್ಲ, ಜಾಗ ಮಾತ್ರ ಹಿಡಿದಿದೆ.

ಪ್ರತಿಯೊಬ್ಬರಿಗೂ ಒಂದು ವರ್ಚುವಲ್ ಮೆಷಿನ್. ಯಾವ ಕಾರಣ ಅಂತ ಸ್ಕ್ರಿಪ್ಟ್ ಚೀಟಿ ಎತ್ತುತ್ತದೆ, ಡೈರೆಕ್ಟರಿಯ ಹೆಸರು, ಫೈಲಿನ ಗಾತ್ರ, ಸರ್ವಿಸ್‌ನ ಹೆಸರು ಎಲ್ಲ ಬದಲಾಗುತ್ತದೆ. ನಲವತ್ತೈದು ನಿಮಿಷ. ಮ್ಯಾನ್ ಪೇಜ್, ಅಂದರೆ ಮೆಷಿನ್‌ನೊಳಗೇ ಇರುವ ಕಮಾಂಡ್‌ಗಳ ಕೈಪಿಡಿ, ನೋಡಬಹುದು, ಇಂಟರ್‌ನೆಟ್ ಇಲ್ಲ, ಫೋನ್ ಹೊರಗೆ. ಪುಸ್ತಕ ತೆರೆದಿಟ್ಟರೆ ಪರೀಕ್ಷೆ ಸುಲಭ ಆಗಿಬಿಡುತ್ತದೆ ಅಂತ ಒಬ್ಬರು ಆಕ್ಷೇಪ ಎತ್ತಿದರು. ಆದರೆ ಹಲವು ಸರ್ವರ್‌ಗಳ ಮೇಲೆ ಅಪ್ಲಿಕೇಶನ್ ಓಡಿಸುವ ಕುಬರ್ನೆಟೀಸ್ ತಂತ್ರಾಂಶದ ಸಿಕೆಎ ಪರೀಕ್ಷೆಯಲ್ಲಿ ಅಧಿಕೃತ ಡಾಕ್ಯುಮೆಂಟೇಶನ್ ನೋಡಿಕೊಂಡೇ ಕೆಲಸ ಮಾಡಬಹುದು. ಮೈಕ್ರೋಸಾಫ್ಟ್ ಕೂಡ 2023ರಿಂದ ತನ್ನ ಹಲವು ಪರೀಕ್ಷೆಗಳಲ್ಲಿ ತನ್ನ ಕಲಿಕೆಯ ವೆಬ್‌ಸೈಟ್ ಮೈಕ್ರೋಸಾಫ್ಟ್ ಲರ್ನ್ ತೆರೆಯಲು ಬಿಟ್ಟಿದೆ, ಫಂಡಮೆಂಟಲ್ಸ್ ಹಂತದವು ಬಿಟ್ಟು. ಸಮಯ ಓಡುತ್ತಿರುವಾಗ ಏನು ಹುಡುಕಬೇಕು ಅಂತ ಗೊತ್ತಿಲ್ಲದವರಿಗೆ ಪುಸ್ತಕ ಎದುರಿಗಿದ್ದರೂ ಉಪಯೋಗ ಇಲ್ಲ.

ಅಂಕ ಕೊಡುವ ಸ್ಕ್ರಿಪ್ಟ್‌ಗೆ ಆರು ಶನಿವಾರ ಹಿಡಿಯಿತು. ಮೆಷಿನ್ ರೀಬೂಟ್ ಆದ ಮೇಲೆ ಅಪ್ಲಿಕೇಶನ್ ತಾನಾಗಿ ಏಳುತ್ತಾ, ಬರೆಯಲು ಆಗುತ್ತಾ ಅಂತ ನೋಡುತ್ತದೆ. ಡೇಟಾಬೇಸ್ ಫೈಲ್‌ಗಳು ಹಾಗೇ ಇವೆಯಾ ಅಂತಲೂ ನೋಡುತ್ತದೆ. ಗಾಬರಿಯಲ್ಲಿ ದೊಡ್ಡ ಫೈಲ್ ಕಂಡಿದ್ದೇ ಅಳಿಸಿ ಜಾಗ ಮಾಡುವವರು ಇರುತ್ತಾರೆ. ಗ್ರಾಹಕರ ಡೇಟಾ ಅಳಿಸಿ ಡಿಸ್ಕ್ ಖಾಲಿ ಮಾಡಿದರೆ ಸೊನ್ನೆ. ಕೊನೆಯಲ್ಲಿ ಏನಾಗಿತ್ತು, ಹೇಗೆ ಗೊತ್ತಾಯಿತು ಅಂತ ಐದು ಸಾಲು ಬರೆಯಬೇಕು. ಕನ್ನಡದಲ್ಲಿ ಬರೆದರೂ ಸರಿ.

ಎಲ್ಲ ಪರೀಕ್ಷೆಗಳೂ ಹೀಗೆ ಯಾಕಿಲ್ಲ ಅಂದರೆ ಖರ್ಚು. ಲಕ್ಷಾಂತರ ಜನರಿಗೆ ಒಂದೊಂದು ಮೆಷಿನ್ ಕೊಡಬೇಕು, ಅದು ಪರೀಕ್ಷೆಯ ಮಧ್ಯೆ ಕೈಕೊಡಬಾರದು. ನಾಲ್ಕು ಆಯ್ಕೆಯ ಪ್ರಶ್ನೆಗೆ ಅದೇನೂ ಬೇಡ. ಅದು ಗೊತ್ತು. ಆದರೆ ಉರು ಹೊಡೆದವರನ್ನು ನಂಬಿ ಸರ್ವರ್ ಕೊಟ್ಟವರು ತೆರುವ ಖರ್ಚನ್ನು ಯಾರೂ ಲೆಕ್ಕ ಹಾಕುವುದಿಲ್ಲ. ರಾತ್ರಿ ಆಸ್ಪತ್ರೆಯ ಬಿಲ್ಲಿಂಗ್ ನಿಂತಾಗ, ಬ್ಯಾಂಕಿನ ಸರದಿಯಲ್ಲಿ ಜನ ಕಾಯುವಾಗ, ಆ ಕಡೆ ಕೂತವರಿಗೆ ಬರೀ 'ಸಿ' ಒತ್ತಲು ಬಂದರೆ ಏನು ಮಾಡುವುದು?

ಅಮೆರಿಕದಲ್ಲಿ ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವವರ ಹ್ಯಾಮ್ ರೇಡಿಯೊ ಲೈಸೆನ್ಸ್‌ಗೆ ಪ್ರಶ್ನೆಗಳನ್ನು ಬಚ್ಚಿಡುವುದೇ ಇಲ್ಲ. ಮೊದಲ ಹಂತಕ್ಕೆ ನಾನೂರಕ್ಕೂ ಜಾಸ್ತಿ ಪ್ರಶ್ನೆ, ಉತ್ತರ ಸಮೇತ ಎಲ್ಲರಿಗೂ ಕೊಟ್ಟಿರುತ್ತಾರೆ. ಅದರಲ್ಲಿ 35 ಕೇಳುತ್ತಾರೆ, 26 ಸರಿಯಾದರೆ ಪಾಸ್. ಅಲ್ಲೂ ಉತ್ತರಗಳನ್ನು ಉರು ಹೊಡೆಯುವವರಿದ್ದಾರೆ. ಆದರೆ ಕದ್ದವರಿಗೆ ಸಿಕ್ಕಿ, ಕದಿಯದವರಿಗೆ ಸಿಗಲಿಲ್ಲ ಅನ್ನೋ ಅನ್ಯಾಯ ಅಲ್ಲಿ ಇಲ್ಲ. ಆ 41 ಅಂಕದ ಹುಡುಗನನ್ನು ನೋಡಿದ ಮೇಲೆ ನನಗೆ ಅಷ್ಟು ಕೂಡ ದೊಡ್ಡದಾಗಿ ಕಂಡಿತು.

ಅದೇ ಹದಿನಾಲ್ಕು ಜನ ಹೊಸ ಪರೀಕ್ಷೆಗೆ ಕೂತರು. ಆರು ಜನ ಪಾಸಾದರು. ಮ್ಯಾನೇಜರ್‌ಗೆ ಸಮಾಧಾನ ಆಗಲಿಲ್ಲ. "ಕಸ್ಟಮರ್‌ಗೆ ಹತ್ತು ಜನ ಕೊಡ್ತೀವಿ ಅಂತ ಹೇಳಿದೀವಲ್ಲ, ಈಗ ಏನು ಮಾಡೋದು?" ಅಂದರು. ಮೂರು ವಾರ ಕೊಡಿ ಅಂತ ಕೇಳಿದೆ. ಅಭ್ಯಾಸಕ್ಕೆ ಅದೇ ಮೆಷಿನ್‌ಗಳನ್ನು ಸಂಜೆ ಬಿಟ್ಟುಕೊಟ್ಟೆ. ಉಳಿದ ಎಂಟು ಜನ ಗುಂಪು ಮಾಡಿಕೊಂಡು ಕೂತರು. ಒಬ್ಬರು ಕೆಡಿಸುವುದು, ಇನ್ನೊಬ್ಬರು ಹುಡುಕುವುದು. ಒಂಬತ್ತು ನಿಮಿಷದಲ್ಲಿ ಮುಗಿಸಿದ ಆ ಹುಡುಗ ನಾಲ್ಕೂ ಕಾರಣಗಳನ್ನು ಬಾಯಿಪಾಠ ಮಾಡಿಬಿಟ್ಟಿದ್ದ. ಮಾಡಲಿ. ಅಳಿಸಿದ ಫೈಲನ್ನು ಯಾರು ಹಿಡಿದಿದ್ದಾರೆ ಅಂತ ಹುಡುಕುವುದನ್ನು ಮೂವತ್ತು ಸಲ ಮಾಡಿ ಬಾಯಿಪಾಠ ಮಾಡಿದರೆ ನನಗೆ ಸಂತೋಷವೇ. ಎರಡನೇ ಸಲ ಐದು ಜನ ಪಾಸಾದರು, ಅವನೂ ಸೇರಿ.

ಹಿರಿಯೂರಿನ ಹುಡುಗ ಮೊದಲ ಸಲವೇ ಪಾಸಾಗಿದ್ದ. ಅವನಿಗೆ ಬಂದದ್ದು ಒಂದನೇ ಕಾರಣ, ದೊಡ್ಡ ಲಾಗ್. ಹತ್ತು ನಿಮಿಷದಲ್ಲಿ ಸರಿ ಮಾಡಿದವನು ಪೂರ್ತಿ ನಲವತ್ತೈದು ನಿಮಿಷ ಎದ್ದೇ ಇಲ್ಲ. ಯಾಕಪ್ಪಾ ಅಂತ ಅವನು ಬರೆದ ಸಾಲುಗಳನ್ನು ಓದಿದೆ. ಐದು ಕೇಳಿದರೆ ಹನ್ನೆರಡು ಬರೆದಿದ್ದ. ಮರುದಿನ ಕ್ಯಾಂಟೀನಿನಲ್ಲಿ ಸಿಕ್ಕಾಗ ಅವನೇ ಹತ್ತಿರ ಬಂದ.

"ಮೇಡಂ, ಸರಿ ಮಾಡೋಕೆ ಮೊದಲು ಡಿಎಫ್ ನೋಡಿದೆ. ಒಟ್ಟು 40 ಜಿಬಿ, ಬಳಸಿದ್ದು 38, ಉಳಿದದ್ದು ಸೊನ್ನೆ. ಎರಡು ಜಿಬಿ ಎಲ್ಲಿ ಹೋಯ್ತು ಅಂತ ತಲೆ ಕೊರೀತಿತ್ತು. ರೂಟ್ ಆಗಿ ಬರೆದರೆ ಬರೆಯೋಕಾಗ್ತಿತ್ತು, ಅಪ್ಲಿಕೇಶನ್ ಯೂಸರ್ ಆಗಿ ಆಗ್ತಿರಲಿಲ್ಲ."

ರೂಟ್ ಅಂದರೆ ಮೆಷಿನ್‌ನ ಮೇಲೆ ಪೂರ್ತಿ ಅಧಿಕಾರ ಇರುವ ಯೂಸರ್. ಲಿನಕ್ಸ್ ಡಿಸ್ಕಿನಲ್ಲಿ ಫೈಲ್ ಜೋಡಿಸುವ ಇಎಕ್ಸ್‌ಟಿ4 ವ್ಯವಸ್ಥೆಯಲ್ಲಿ, ನಾವು ಬದಲಿಸದಿದ್ದರೆ, ನೂರಕ್ಕೆ ಐದು ಭಾಗವನ್ನು ರೂಟ್‌ಗೆ ಅಂತ ಎತ್ತಿಟ್ಟಿರುತ್ತದೆ. ಮ್ಯಾನ್ ಪೇಜ್ ಓದಿ ಅಲ್ಲೇ ಕೂತು ಕಂಡುಹಿಡಿದಿದ್ದ.

"4 ಟಿಬಿ ಡಿಸ್ಕ್ ಆದರೆ 200 ಜಿಬಿ ಹಾಗೇ ಕೂತಿರುತ್ತೆ ಅಲ್ವಾ ಮೇಡಂ? ಡೇಟಾ ಡಿಸ್ಕ್‌ಗೆ ಅಷ್ಟು ಬೇಕಾ?"

ನನ್ನ ಪಟ್ಟಿಯಲ್ಲಿ ಅದು ಇರಲಿಲ್ಲ. ಆ ಶನಿವಾರ ಸ್ಕ್ರಿಪ್ಟ್ ತೆಗೆದು ಐದನೇ ಕಾರಣವಾಗಿ ಸೇರಿಸಿದೆ. ಸೋಮವಾರ ಎಲ್ಲರಿಗೂ ಮೇಲ್ ಹೋಯಿತು, ಈಗ ಕಾರಣಗಳು ಐದು ಅಂತ.